ಕ್ಯಾಮೆರಾ ಕೆಟ್ಟಿಲ್ಲ, ಕಂಪ್ಯೂಟರ್ ಬೇರೆ ಮನೆಯಲ್ಲಿದೆ

ವಿಟ್ಲಪಿಂಡಿ ಉತ್ಸವದ ಮರುದಿನ ಬೆಳಿಗ್ಗೆ ಭಾವ ಫೋನ್ ಮಾಡಿದರು. ಹಿಂದಿನ ದಿನ ಉಡುಪಿಯ ರಥಬೀದಿಯಲ್ಲಿ ಮಧ್ಯಾಹ್ನದಿಂದ ಕತ್ತಲಾಗುವವರೆಗೂ ನಿಂತು ಹುಲಿವೇಷ, ಮೊಸರು ಕುಡಿಕೆ, ತೇರು ಎಂದು 640 ಫೋಟೊ ತೆಗೆದಿದ್ದರು. ಅವು ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಯುತ್ತಿಲ್ಲ. "ರಾತ್ರಿಯಿಂದ ಕನೆಕ್ಟ್ ಆಗುತ್ತಿದೆ ಎಂದು ತೋರಿಸುತ್ತಲೇ ಇದೆ ಮಾರಾಯ. ಮೂರು ಸಲ ಎಲ್ಲವನ್ನೂ ರೀಸೆಟ್ ಮಾಡಿದೆ. ನಿನ್ನೆಯ ಮಳೆಗೆ ಒಳಗೆ ನೀರು ಹೋಗಿರಬೇಕು," ಎಂದರು. ದನಿಯಲ್ಲಿ ಹೊಸ ಕ್ಯಾಮೆರಾದ ಬೆಲೆ ವಿಚಾರಿಸುವ ಆತುರವೂ ಸ್ವಲ್ಪ ಇದ್ದಂತಿತ್ತು.

ಕುಂಜಿಬೆಟ್ಟಿನ ಅವರ ಮನೆಗೆ ಹೋಗಿ ನೋಡಿದರೆ ಕ್ಯಾಮೆರಾ ಚೆನ್ನಾಗಿಯೇ ಇತ್ತು. ಕಂಪ್ಯೂಟರ್ ಕೂಡ ಚೆನ್ನಾಗಿತ್ತು. ಆದರೆ ಮನೆಯಲ್ಲಿ ವೈಫೈ ಎರಡಿತ್ತು. ಇಂಟರ್ನೆಟ್ ಜೋಡಿಸಿದವರು ಕೆಳಗಿನ ಚಾವಡಿಯಲ್ಲಿ ಇಟ್ಟುಹೋದ ಫೈಬರ್ ಪೆಟ್ಟಿಗೆ ಒಂದು. ಮಾಳಿಗೆಗೆ ಸಿಗ್ನಲ್ ಬರುವುದಿಲ್ಲವೆಂದು ಭಾವ ತಂದು ಹಾಕಿದ ರೂಟರ್ ಇನ್ನೊಂದು. ಕ್ಯಾಮೆರಾ ಕೆಳಗಿನದನ್ನು ಹಿಡಿದಿತ್ತು, ಕಂಪ್ಯೂಟರ್ ಮೇಲಿನದನ್ನು. ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಸಂಸಾರ.

ವೈಫೈ ಮೂಲಕ ಫೋಟೊ ಕಳಿಸುವುದನ್ನು ನಾವು ಒಂದು ಕೆಲಸವೆಂದುಕೊಳ್ಳುತ್ತೇವೆ. ಅದರೊಳಗೆ ನಾಲ್ಕು ಕೆಲಸಗಳಿವೆ. ರೇಡಿಯೊ ತರಂಗ ಹಿಡಿಯಬೇಕು. ಜಾಲದಲ್ಲಿ ಕ್ಯಾಮೆರಾಕ್ಕೊಂದು ವಿಳಾಸ ಸಿಗಬೇಕು. ಕ್ಯಾಮೆರಾ ಮತ್ತು ಕಂಪ್ಯೂಟರ್ ಒಂದರ ಕಣ್ಣಿಗೆ ಒಂದು ಬೀಳಬೇಕು. ಕಂಡ ಮೇಲೆ ಎರಡಕ್ಕೂ ಮಾತು ಹೊಂದಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಕ್ಯಾಮೆರಾದ ಅಂಗೈಯಗಲದ ಪರದೆ ಹೆಚ್ಚುಕಡಿಮೆ ಅದೇ ಒಂದು ಸಾಲನ್ನು ತೋರಿಸುತ್ತದೆ. ಹಾಗಾಗಿ ಎಲ್ಲರೂ ಮೊದಲು ರೀಸೆಟ್‌ಗೆ ಕೈಹಾಕುತ್ತಾರೆ. ರೀಸೆಟ್ ಮಾಡಿದರೆ ತಪ್ಪಿದ ಒಂದರ ಜೊತೆಗೆ ಸರಿಯಿದ್ದ ಮೂರೂ ಅಳಿಸಿಹೋಗುತ್ತವೆ. ಭಾವನ ವಿಷಯದಲ್ಲಿ ಆದದ್ದೂ ಅದೇ. ರೀಸೆಟ್ ಕೊನೆಯ ಮದ್ದು; ಮೊದಲು ತಪ್ಪಿದ್ದು ಯಾವುದು ಎಂದು ಕಂಡುಕೊಳ್ಳಬೇಕು.

ಅದಕ್ಕೂ ಮೊದಲು ಕೇಳಬೇಕಾದದ್ದು, ಬಳಸುತ್ತಿರುವ ವೈಫೈ ಯಾರದು ಎಂದು. ಕ್ಯಾಮೆರಾಗಳು ಎರಡು ರೀತಿಯಲ್ಲಿ ಜೋಡಣೆಯಾಗುತ್ತವೆ. ಒಂದರಲ್ಲಿ ಕ್ಯಾಮೆರಾ ತಾನೇ ಸಣ್ಣ ರೂಟರ್ ಆಗಿ ತನ್ನದೇ ಹೆಸರಿನ ವೈಫೈಯನ್ನು ಹೊರಡಿಸುತ್ತದೆ, ಕಂಪ್ಯೂಟರ್ ಅದಕ್ಕೆ ಸೇರಬೇಕು. ಇನ್ನೊಂದರಲ್ಲಿ ಕ್ಯಾಮೆರಾ ಮನೆಯ ರೂಟರಿಗೆ ಸೇರುತ್ತದೆ, ಕಂಪ್ಯೂಟರ್ ಹೇಗೂ ಅಲ್ಲೇ ಇರುತ್ತದೆ. ಮೊದಲ ವಿಧಾನ ತೋಟ, ಗದ್ದೆ, ಕಡಲತೀರ ಎಲ್ಲ ಕಡೆಯೂ ನಡೆಯುತ್ತದೆ. ಆದರೆ ಆ ಜಾಲದಲ್ಲಿ ಇಂಟರ್ನೆಟ್ ಇಲ್ಲ. ಇಂಟರ್ನೆಟ್ ಇಲ್ಲದ ವೈಫೈಯಲ್ಲಿ ಕಂಪ್ಯೂಟರಿಗೆ ಕಾಲು ನಿಲ್ಲುವುದಿಲ್ಲ. ನಾವು ಕ್ಯಾಮೆರಾದ ಕಡೆ ತಿರುಗಿದ ಕ್ಷಣದಲ್ಲಿ ಅದು ಪರಿಚಯದ ಮನೆಯ ವೈಫೈಗೆ ಮರಳಿರುತ್ತದೆ. ಫೋಟೊ ಅರ್ಧಕ್ಕೆ ನಿಲ್ಲುವುದಕ್ಕೆ ಇದೊಂದು ದೊಡ್ಡ ಕಾರಣ. ಕೆಲಸ ಮುಗಿಯುವವರೆಗೆ ಮನೆಯ ವೈಫೈಗೆ ತಾನಾಗಿ ಸೇರುವ ಆಯ್ಕೆಯನ್ನು ತೆಗೆದಿಡಬೇಕು. ಇನ್ನು ವೈಫೈ ಅಡಾಪ್ಟರ್ ಇಲ್ಲದೆ ಕೇಬಲ್‌ನಿಂದಲೇ ಇಂಟರ್ನೆಟ್ ಪಡೆಯುವ ಮೇಜಿನ ಕಂಪ್ಯೂಟರ್ ಆದರೆ ಕ್ಯಾಮೆರಾದ ವೈಫೈ ಅದಕ್ಕೆ ಕಾಣಿಸುವುದೇ ಇಲ್ಲ. ಅಂಥವರು ಮನೆಯ ರೂಟರನ್ನೇ ನೆಚ್ಚಿಕೊಳ್ಳಬೇಕು. ಮನೆಯೊಳಗೆ ಕೂತು ಮಾಡುವ ಕೆಲಸಕ್ಕೆ ನನ್ನ ಒಲವು ಯಾವಾಗಲೂ ಎರಡನೆಯ ವಿಧಾನಕ್ಕೆ.

ಮನೆಯ ವೈಫೈಯನ್ನು ಕ್ಯಾಮೆರಾ ಹಿಡಿಯದೇ ಹೋದರೆ ಮೊದಲು ತರಂಗವನ್ನು ವಿಚಾರಿಸಬೇಕು. ಇಂದಿನ ರೂಟರುಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಮಾತನಾಡುತ್ತವೆ. ಐದಾರು ವರ್ಷ ಹಳೆಯದಾದ ಬಹಳಷ್ಟು ಕ್ಯಾಮೆರಾಗಳಿಗೆ ಗೊತ್ತಿರುವುದು 2.4 ಮಾತ್ರ. ರೂಟರಿನಲ್ಲಿ 2.4ನ್ನು ಯಾರೋ ಆಫ್ ಮಾಡಿಟ್ಟಿದ್ದರೆ ಕ್ಯಾಮೆರಾ ತೋರಿಸುವ ವೈಫೈಗಳ ಸಾಲಿನಲ್ಲಿ ನಿಮ್ಮ ಮನೆಯ ಹೆಸರೇ ಬರುವುದಿಲ್ಲ. ಹೆಸರು ಬಂದು, ಪಾಸ್‌ವರ್ಡ್ ಸರಿಯಿದ್ದೂ ತಿರಸ್ಕಾರವಾದರೆ ಭದ್ರತೆಯ ವಿಧಾನವನ್ನು ನೋಡಬೇಕು. ಡಬ್ಲ್ಯುಪಿಎ3 ಎಂಬ ಹೊಸ ವಿಧಾನ ಬಂದದ್ದು 2018ರಲ್ಲಿ. ಅದಕ್ಕಿಂತ ಮುಂಚಿನ ಕ್ಯಾಮೆರಾಗಳಿಗೆ ಅದರ ಪರಿಚಯವಿಲ್ಲ. ರೂಟರ್ ಬರೀ ಡಬ್ಲ್ಯುಪಿಎ3 ಎಂದು ಪಟ್ಟು ಹಿಡಿದಿದ್ದರೆ ಡಬ್ಲ್ಯುಪಿಎ2 ಕೂಡ ಒಪ್ಪುವ ಮಿಶ್ರ ಆಯ್ಕೆಗೆ ಬದಲಿಸಿದರಾಯಿತು. ಪೂರ್ತಿ ಭದ್ರತೆಯನ್ನೇ ತೆಗೆದುಹಾಕಿ ಪರೀಕ್ಷಿಸುವವರನ್ನು ಕಂಡಿದ್ದೇನೆ. ಹಾಗೆ ತೆಗೆದವರು ಮತ್ತೆ ಹಾಕಲು ಮರೆಯುತ್ತಾರೆ, ಬೇಡ. ಪಾಸ್‌ವರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಣದ ಗುಂಡಿಯಿಂದ ಒಂದೊಂದೇ ಅಕ್ಷರ ಒತ್ತುವಾಗ ಸೊನ್ನೆಗೂ ಓ ಅಕ್ಷರಕ್ಕೂ, ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಅದಲುಬದಲಾಗುವುದು ತೀರಾ ಸುಲಭ.

ನಮ್ಮ ಕರಾವಳಿಯ ಮನೆಗಳಿಗೆ ಇನ್ನೊಂದು ತೊಡಕಿದೆ. ಮುರಕಲ್ಲಿನ ಗೋಡೆ ಮುಕ್ಕಾಲು ಅಡಿಯೋ ಒಂದು ಅಡಿಯೋ ದಪ್ಪ ಇರುತ್ತದೆ. ಮಳೆಗಾಲದಲ್ಲಿ ಗಾರೆಯಿಲ್ಲದ ಗೋಡೆ ನೀರು ಕುಡಿದು ನಿಂತಿರುತ್ತದೆ. ಕಲ್ಲೂ ನೀರೂ ತರಂಗವನ್ನು ನುಂಗುತ್ತವೆ. ಮೊಬೈಲ್ ಅಲ್ಲಿ ಚೆನ್ನಾಗಿ ನಡೆಯುತ್ತದಲ್ಲ ಎಂದು ಕೇಳಬಹುದು. ಮೊಬೈಲ್ ಹುಟ್ಟಿದ್ದೇ ರೇಡಿಯೊ ಹಿಡಿಯುವುದಕ್ಕೆ. ಕ್ಯಾಮೆರಾ ಹುಟ್ಟಿದ್ದು ಬೆಳಕು ಹಿಡಿಯುವುದಕ್ಕೆ. ಅದರ ಆಂಟೆನಾ ಚಿಕ್ಕದು, ಎಷ್ಟೋ ಮಾದರಿಗಳಲ್ಲಿ ಸುತ್ತ ಲೋಹದ ಕವಚ ಬೇರೆ. ಆದ್ದರಿಂದ ಮೊದಲ ಪರೀಕ್ಷೆಯನ್ನು ಯಾವಾಗಲೂ ರೂಟರ್ ಇರುವ ಕೋಣೆಯಲ್ಲೇ ಮಾಡಬೇಕು. ಅಲ್ಲಿ ನಡೆದು ಮಾಳಿಗೆಯಲ್ಲಿ ನಡೆಯದಿದ್ದರೆ ದೋಷ ಗೋಡೆಯದು.

ಮಂಗಳೂರಿನ ಕದ್ರಿ, ಬಿಜೈ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ತೊಂದರೆ ಬೇರೆಯದು. ಪ್ರತಿ ಮನೆಗೂ ಒಂದು ರೂಟರ್, ಎಲ್ಲವೂ ಅದೇ ಇಕ್ಕಟ್ಟಾದ 2.4ರ ಪಟ್ಟಿಯಲ್ಲಿ. ಆ ಪಟ್ಟಿಯೊಳಗೆ ಚಾನೆಲ್ ಎಂಬ ಓಣಿಗಳಿವೆ, ಒಂದರ ಮೇಲೊಂದು ಬೀಳದವು ಮೂರೇ: 1, 6 ಮತ್ತು 11. ಚೆಂಡೆ ಬಿಡಿತದ ನಡುವೆ ಪಕ್ಕದವರಿಗೆ ಗುಟ್ಟು ಹೇಳಿದಂತೆ, ಒಂದೇ ಮಾತನ್ನು ನಾಲ್ಕು ಸಲ ಹೇಳಬೇಕಾಗುತ್ತದೆ. ರೂಟರಿನಲ್ಲಿ ಈ ಮೂರರಲ್ಲಿ ದಟ್ಟಣೆ ಕಡಿಮೆ ಇರುವುದನ್ನು ಆರಿಸಿಕೊಳ್ಳಬಹುದು. ನಮ್ಮ ದೇಶದಲ್ಲಿ 12 ಮತ್ತು 13ನೇ ಚಾನೆಲ್ ಬಳಸುವುದಕ್ಕೂ ಅವಕಾಶವಿದೆ. ಆದರೆ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕ್ಯಾಮೆರಾಗಳು ಸಾಮಾನ್ಯವಾಗಿ 11ರವರೆಗೆ ಮಾತ್ರ ನೋಡುತ್ತವೆ. ಮಗ ಅಲ್ಲಿಂದ ತಂದುಕೊಟ್ಟ ಕ್ಯಾಮೆರಾ ಮನೆಯ ವೈಫೈಯನ್ನು ಒಂದು ದಿನ ಕಂಡು ಇನ್ನೊಂದು ದಿನ ಕಾಣದಿದ್ದರೆ ರೂಟರ್ ತಾನಾಗಿ 13ಕ್ಕೆ ಹೋಗಿ ಕೂತಿದೆಯೇ ಎಂದು ನೋಡಿ.

ಅಂದಹಾಗೆ, ರಥಬೀದಿಯ ಜನಸಂದಣಿಯಲ್ಲಿ ನಿಂತು ಹೆಗಲಚೀಲದೊಳಗಿನ ಲ್ಯಾಪ್‌ಟಾಪಿಗೆ ಫೋಟೊ ಕಳಿಸುವ ಸಾಹಸ ಬೇಡ. ಸಾವಿರಾರು ಮೊಬೈಲುಗಳ ಗದ್ದಲ ಒಂದು ಕಡೆ. ಮನುಷ್ಯರ ಮೈಯೂ ಬಹುಪಾಲು ನೀರೇ ಎನ್ನುವುದು ಇನ್ನೊಂದು ಕಡೆ.

ವೈಫೈ ಹಿಡಿಯಿತು ಎಂದುಕೊಳ್ಳೋಣ. ಈಗ ವಿಳಾಸ. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ರೂಟರ್ ಒಂದು ಸಂಖ್ಯೆ ಕೊಡುತ್ತದೆ, ವಠಾರದ ಯಜಮಾನ ಮನೆ ನಂಬರ್ ಕೊಟ್ಟ ಹಾಗೆ. ಕ್ಯಾಮೆರಾದ ನೆಟ್‌ವರ್ಕ್ ಮೆನುವಿನಲ್ಲಿ ಅದು ಕಾಣಿಸುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿದರೆ ಕಂಪ್ಯೂಟರಿನದ್ದೂ ಸಿಗುತ್ತದೆ. ಎರಡನ್ನೂ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಮಸ್ಯೆಗಳು ಈ ಕಾಗದದ ಮೇಲೆಯೇ ಬಿಡಿಸಿಕೊಳ್ಳುತ್ತವೆ.

ಭಾವನ ಕಂಪ್ಯೂಟರಿನ ವಿಳಾಸ 192.168.0.105 ಇತ್ತು, ಕ್ಯಾಮೆರಾದ್ದು 192.168.1.7. ಮೊದಲ ಮೂರು ಭಾಗ ಬೀದಿಯ ಹೆಸರು, ಕೊನೆಯದು ಮನೆಯ ನಂಬರ್ ಎಂದು ಇಟ್ಟುಕೊಳ್ಳಬಹುದು; ಮನೆಬಳಕೆಯ ರೂಟರುಗಳಲ್ಲಿ ಸಾಮಾನ್ಯವಾಗಿ ಲೆಕ್ಕ ಹೀಗೇ. ಮೂರನೆಯ ಭಾಗ ಒಂದರಲ್ಲಿ 0, ಇನ್ನೊಂದರಲ್ಲಿ 1. ಅಂದರೆ ಬೀದಿಯೇ ಬೇರೆ. ಮೇಲಿನ ರೂಟರ್ ಕೆಳಗಿನ ಪೆಟ್ಟಿಗೆಯಿಂದ ಇಂಟರ್ನೆಟ್ ಪಡೆದು ತನ್ನದೇ ಬೇರೆ ಜಾಲ ಕಟ್ಟಿಕೊಂಡಿತ್ತು. ಹೀಗಿರುವಾಗ ಮಾಳಿಗೆಯಿಂದ ಕೆಳಕ್ಕೆ ಕೂಗಿದ್ದು ಕೇಳಿಸಬಹುದು, ಕೆಳಗಿನಿಂದ ಮೇಲಕ್ಕೆ ಕೂಗಿದ್ದು ಕೇಳಿಸುವುದಿಲ್ಲ. ಕ್ಯಾಮೆರಾ ಕೂಗುತ್ತಿದ್ದದ್ದು ಕೆಳಗಿನಿಂದ. ತಕ್ಷಣಕ್ಕೆ ಮಾಡಬಹುದಾದದ್ದು ಕ್ಯಾಮೆರಾವನ್ನೂ ಮೇಲಿನ ವೈಫೈಗೇ ಸೇರಿಸುವುದು. ಖಾಯಂ ಪರಿಹಾರವೆಂದರೆ ಎರಡನೆಯ ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಹಾಕುವುದು. ಆಗ ಅದು ಯಜಮಾನಿಕೆ ಬಿಟ್ಟು ಸಿಗ್ನಲ್ ಹಂಚುವ ಕೆಲಸ ಮಾತ್ರ ಮಾಡುತ್ತದೆ, ಮನೆಯಿಡೀ ಒಂದೇ ಜಾಲವಾಗುತ್ತದೆ. ಫೈಬರ್ ಪೆಟ್ಟಿಗೆಯ ಮೇಲೆ ಸ್ವಂತ ರೂಟರ್ ಹಾಕಿಕೊಂಡ ಮನೆಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ತೊಡಕು.

ವಿಳಾಸ 169.254 ಎಂದು ಶುರುವಾದರೆ ಅರ್ಥ ಇನ್ನೊಂದು: ರೂಟರ್ ನಂಬರ್ ಕೊಟ್ಟೇ ಇಲ್ಲ, ಯಂತ್ರ ಕಾದು ಬೇಸತ್ತು ತನಗೆ ತಾನೇ ಒಂದು ಕೊಟ್ಟುಕೊಂಡಿದೆ. ರೂಟರನ್ನು ಒಮ್ಮೆ ಆರಿಸಿ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇದಕ್ಕೆ ತಿರುಗುಮುರುಗಾದ ಸಮಸ್ಯೆ ಮಳೆಗಾಲದ್ದು. ಗುಡುಗಿಗೆ ಕರೆಂಟ್ ಹೋಗಿ ಬಂದು, ರೂಟರ್ ಮತ್ತೆ ಎದ್ದಾಗ ಹಳೆಯ ನಂಬರುಗಳನ್ನು ಮರೆತು ಹೊಸದಾಗಿ ಹಂಚಬಹುದು. ಎಫ್‌ಟಿಪಿ ಎಂಬ ಫೈಲ್ ಸಾಗಿಸುವ ವಿಧಾನದ ಮೂಲಕ ಕಳಿಸುವ ಕ್ಯಾಮೆರಾದಲ್ಲಿ ಕಂಪ್ಯೂಟರಿನ ವಿಳಾಸವನ್ನು ಕೈಯಿಂದ ಬರೆದಿರುತ್ತೇವೆ. ನಿನ್ನೆಯವರೆಗೆ ನಡೆದದ್ದು ಇವತ್ತು ಕೈಕೊಡುತ್ತದೆ, ನಾವು ಏನನ್ನೂ ಮುಟ್ಟಿಲ್ಲ. ಕಂಪ್ಯೂಟರಿಗೆ ಯಾವಾಗಲೂ ಒಂದೇ ವಿಳಾಸ ಕೊಡುವಂತೆ ರೂಟರಿನಲ್ಲಿ ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ.

ಬೀದಿ ಒಂದೇ ಆಗಿದ್ದೂ ಒಂದಕ್ಕೊಂದು ಕಾಣದಿರುವುದು ಮೂರನೆಯ ಹಂತ. ತಾಳ್ಮೆ ತಪ್ಪುವುದು ಇಲ್ಲಿಯೇ, ಏಕೆಂದರೆ ಇಲ್ಲಿ ಯಾವುದೂ ಕೆಟ್ಟಿರುವುದಿಲ್ಲ, ಯಾರೋ ಬಾಗಿಲು ಹಾಕಿಕೊಂಡಿರುತ್ತಾರೆ. ಮೊದಲ ಬಾಗಿಲು ರೂಟರಿನ ಗೆಸ್ಟ್ ನೆಟ್‌ವರ್ಕ್. ಅತಿಥಿಗೆ ಇಂಟರ್ನೆಟ್ ಸಿಗಲಿ, ಮನೆಯ ಬೇರೆ ಯಂತ್ರಗಳು ಮಾತ್ರ ಕಾಣದಿರಲಿ ಎಂಬುದೇ ಅದರ ಉದ್ದೇಶ. ಕ್ಯಾಮೆರಾವನ್ನು ಅಲ್ಲಿಗೆ ಸೇರಿಸಿದರೆ ಅದೂ ಅತಿಥಿಯೇ. ಕೆಲವು ರೂಟರುಗಳಲ್ಲಿ ಮುಖ್ಯ ವೈಫೈಗೂ ಇಂಥದ್ದೇ ಐಸೊಲೇಷನ್ ಎಂಬ ಆಯ್ಕೆ ಇರುತ್ತದೆ. ಹಾಸ್ಟೆಲ್, ಲಾಡ್ಜ್, ಕಚೇರಿಗಳ ವೈಫೈಯಲ್ಲಿ ಇದನ್ನು ಬೇಕೆಂದೇ ಹಾಕಿರುತ್ತಾರೆ; ಮೇಲಾಗಿ ಅಲ್ಲಿ ಬ್ರೌಸರಿನಲ್ಲಿ ಹೆಸರು, ಪಾಸ್‌ವರ್ಡ್ ತುಂಬುವ ಪುಟ ಬರುತ್ತದೆ, ಸಾಮಾನ್ಯ ಕ್ಯಾಮೆರಾದಲ್ಲಿ ಬ್ರೌಸರ್ ಎಲ್ಲಿಂದ ಬರಬೇಕು? ಮಣಿಪಾಲದ ಹಾಸ್ಟೆಲ್ಲಿನಲ್ಲಿರುವ ವಿದ್ಯಾರ್ಥಿ ಆ ವೈಫೈ ಜೊತೆ ಗುದ್ದಾಡುವ ಬದಲು ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪನ್ನೂ ಕ್ಯಾಮೆರಾವನ್ನೂ ಅದಕ್ಕೆ ಸೇರಿಸುವುದು ಮೇಲು. ಫೋಟೊಗಳು ಆ ಮೂರರ ನಡುವೆಯೇ ಓಡಾಡುವುದರಿಂದ ಅವುಗಳಿಗೆ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಹಾಟ್‌ಸ್ಪಾಟ್ 2.4ರಲ್ಲಿ ಇರಬೇಕು ಎಂಬುದನ್ನು ಮರೆಯಬಾರದು.

ಎರಡನೆಯ ಬಾಗಿಲು ಕಂಪ್ಯೂಟರಿನ ಒಳಗಿದೆ. ಹೊಸ ವೈಫೈಗೆ ಸೇರಿದಾಗ ವಿಂಡೋಸ್ ಅದನ್ನು ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಗುರುತು ಹಾಕಿಕೊಳ್ಳುತ್ತದೆ. ಪಬ್ಲಿಕ್ ಎಂದರೆ ಬಸ್ ನಿಲ್ದಾಣದಲ್ಲಿ ಕೂತಂತೆ, ಅಪರಿಚಿತರು ಕರೆದರೆ ತಿರುಗಿ ನೋಡುವುದಿಲ್ಲ. ಕ್ಯಾಮೆರಾ ಜಾಲಕ್ಕೆ ಬಂದೊಡನೆ "ನನ್ನ ಕಂಪ್ಯೂಟರ್ ಎಲ್ಲಿದೆ" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತದೆ. ಪಬ್ಲಿಕ್ ಆಗಿರುವ ಕಂಪ್ಯೂಟರಿನ ಫೈರ್‌ವಾಲ್ ಆ ಕೂಗನ್ನು ಬಾಗಿಲಲ್ಲೇ ತಡೆಯುತ್ತದೆ. ಮನೆಯ ವೈಫೈಯನ್ನು ಪ್ರೈವೇಟ್ ಮಾಡಿ. ಆಂಟಿವೈರಸ್ ತಂತ್ರಾಂಶ ತನ್ನದೇ ಫೈರ್‌ವಾಲ್ ಹಾಕಿದ್ದರೆ ಅದರಲ್ಲೂ ಕ್ಯಾಮೆರಾ ತಂತ್ರಾಂಶಕ್ಕೆ ಅನುಮತಿ ಕೊಡಬೇಕು. ಕಚೇರಿ ಕೆಲಸಕ್ಕೆಂದು ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೆ ಕಚೇರಿಯ ಜಾಲಕ್ಕೆ ಹೋಗುವ ಖಾಸಗಿ ಸುರಂಗ, ಹಾಕಿಟ್ಟವರು ಅದನ್ನು ಆಫ್ ಮಾಡಿ ನೋಡಬೇಕು; ವಿಪಿಎನ್ ಇದ್ದಾಗ ಪಕ್ಕದ ಮೇಜಿನ ಕ್ಯಾಮೆರಾಕ್ಕಿಂತ ದೂರದ ಕಚೇರಿಯೇ ಕಂಪ್ಯೂಟರಿಗೆ ಹತ್ತಿರವಾಗಿಬಿಡಬಹುದು. ಆಪಲ್ ಕಂಪ್ಯೂಟರಿನವರಿಗೆ 2024ರಲ್ಲಿ ಬಂದ ಸಿಕೋಯಾ ಆವೃತ್ತಿಯಿಂದ ಇನ್ನೊಂದು ಕಾವಲು ಸೇರಿದೆ: ಮನೆಯ ಜಾಲದಲ್ಲಿ ಬೇರೆ ಯಂತ್ರಗಳನ್ನು ಹುಡುಕಲು ಪ್ರತಿಯೊಂದು ತಂತ್ರಾಂಶವೂ ಅನುಮತಿ ಕೇಳಬೇಕು. ಅವಸರದಲ್ಲಿ ಒಮ್ಮೆ ಬೇಡ ಎಂದು ಒತ್ತಿದ್ದರೆ, ಪ್ರೈವಸಿ ವಿಭಾಗದ ಲೋಕಲ್ ನೆಟ್‌ವರ್ಕ್ ಪಟ್ಟಿಗೆ ಹೋಗಿ ನಾವೇ ಹಾಕಬೇಕು.

ಇನ್ನು ಮಾತು. ಫೋಟೊ ಸಾಗಿಸಲು ಕ್ಯಾಮೆರಾಗಳಿಗೆ ಪಿಟಿಪಿ ಎಂಬ ಒಂದು ಸಾಮಾನ್ಯ ಭಾಷೆ ಇದೆ. ಐಎಸ್‌ಒ 15740 ಎಂಬುದು ಆ ಮಾನದಂಡದ ಸಂಖ್ಯೆ. ಅದನ್ನೇ ಜಾಲದ ಮೇಲೆ ಆಡುವ ಪಿಟಿಪಿ-ಐಪಿ ಬಳಸುವ ಪೋರ್ಟಿನ, ಅಂದರೆ ಜಾಲದ ಬಾಗಿಲಿನ, ಸಂಖ್ಯೆಯೂ 15740. ಭಾಷೆ ಒಂದೇ ಆದರೂ ಪ್ರತಿಯೊಂದು ಕಂಪನಿಯೂ ತನ್ನದೇ ತಂತ್ರಾಂಶದ ಮೂಲಕ ಮಾತನಾಡಿಸುತ್ತದೆ: ಕ್ಯಾನನ್‌ಗೆ ಇಒಎಸ್ ಯುಟಿಲಿಟಿ, ನಿಕಾನ್‌ಗೆ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಯುಟಿಲಿಟಿ, ಹೀಗೆ. ಕ್ಯಾಮೆರಾದ ಮೆನುವಿನಲ್ಲಿ ಸ್ಮಾರ್ಟ್‌ಫೋನಿಗೆ ಜೋಡಿಸು ಎಂಬುದೂ ಕಂಪ್ಯೂಟರಿಗೆ ಜೋಡಿಸು ಎಂಬುದೂ ಬೇರೆ ಬೇರೆ ಬಾಗಿಲುಗಳು. ಮೊದಲನೆಯದನ್ನು ಒತ್ತಿ ಕಂಪ್ಯೂಟರಿಗಾಗಿ ಕಾದರೆ ಕಾದಿರಬೇಕಷ್ಟೇ.

ಮೊದಲ ಬಾರಿ ಜೋಡಿಸುವಾಗ ಎರಡೂ ಕಡೆ ಪರಸ್ಪರರ ಗುರುತು ಬರೆದಿಟ್ಟುಕೊಳ್ಳುತ್ತವೆ. ಕೆಲವು ಮಾದರಿಗಳಲ್ಲಿ ಈ ಪರಿಚಯವನ್ನು ಯುಎಸ್‌ಬಿ ಕೇಬಲ್ ಹಾಕಿಯೇ ಮಾಡಿಸಬೇಕು. ಭಾವ ಮೂರು ಸಲ ರೀಸೆಟ್ ಮಾಡಿದಾಗ ಕ್ಯಾಮೆರಾ ಕಂಪ್ಯೂಟರನ್ನು ಮರೆಯಿತು, ಕಂಪ್ಯೂಟರ್ ಮಾತ್ರ ಹಳೆಯ ಕ್ಯಾಮೆರಾವನ್ನೇ ನೆನೆಯುತ್ತಾ ಕೂತಿತು. ಇಬ್ಬರನ್ನೂ ಒಂದೇ ವೈಫೈಗೆ ತಂದ ಮೇಲೂ ಕೈಕುಲುಕದೆ ಇದ್ದದ್ದು ಇದಕ್ಕೇ. ತಂತ್ರಾಂಶದಲ್ಲಿದ್ದ ಹಳೆಯ ಜೋಡಣೆಯನ್ನು ಅಳಿಸಿ, ಎರಡೂ ಕಡೆ ಹೊಸದಾಗಿ ಪರಿಚಯ ಮಾಡಿಸಬೇಕಾಯಿತು. ಇಷ್ಟಾದ ಮೇಲೂ ಒಂದು ಸಲ ಕಡಿಯಿತು. ನೋಡಿದರೆ ಅಡುಗೆಮನೆಯಲ್ಲಿದ್ದ ಭಾವನ ಮೊಬೈಲ್, ಕ್ಯಾಮೆರಾ ಎದ್ದದ್ದೇ ತಡ ಬ್ಲೂಟೂತಿನಿಂದ ಅದನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಸಾಮಾನ್ಯವಾಗಿ ಕ್ಯಾಮೆರಾ ಒಂದು ಹೊತ್ತಿಗೆ ಒಬ್ಬರ ಜೊತೆ ಮಾತ್ರ ಮಾತನಾಡುತ್ತದೆ. ಕಂಪ್ಯೂಟರಿನ ಕೆಲಸವಿದ್ದಾಗ ಮೊಬೈಲಿನ ಬ್ಲೂಟೂತ್ ಆರಿಸಿಡಿ.

ಬಂದೂ ಬಾರದ ಫೋಟೊಗಳದ್ದು ಇನ್ನೊಂದು ಕಥೆ. ತಂತ್ರಾಂಶಗಳು ಫೋಟೊ ತೆಗೆದ ತಾರೀಖಿನ ಹೆಸರಿನ ಫೋಲ್ಡರಿನಲ್ಲಿ ಹಾಕುವುದು ವಾಡಿಕೆ. ಬಹಳ ದಿನ ಬ್ಯಾಟರಿ ಇಲ್ಲದೆ ಮಲಗಿದ್ದ ಕ್ಯಾಮೆರಾದ ಗಡಿಯಾರ ಹಿಂದಕ್ಕೆ ಹೋಗಿದ್ದರೆ ನಿನ್ನೆಯ ಫೋಟೊ ಎಷ್ಟೋ ವರ್ಷ ಹಿಂದಿನ ಜನವರಿಯಲ್ಲಿ ಅಡಗಿರುತ್ತದೆ. ಬಂದವು, ಆದರೆ ದೊಡ್ಡದು ಮಾಡಿದರೆ ಮಸುಕು ಎನ್ನುವವರು ಗಾತ್ರ ನೋಡಬೇಕು. ನಿಕಾನ್‌ನ ಸ್ನ್ಯಾಪ್‌ಬ್ರಿಡ್ಜ್ ಎಂಬ ಆ್ಯಪ್ ಮೊಬೈಲಿಗೆ ತಾನಾಗಿ ಕಳಿಸುವುದು 2 ಮೆಗಾಪಿಕ್ಸೆಲ್‌ನ ಸಣ್ಣ ಪ್ರತಿ. ಮೂಲ ಫೋಟೊ ಕಾರ್ಡಿನಲ್ಲೇ ಇರುತ್ತದೆ. ಮೊಬೈಲಿನಿಂದ ಕಂಪ್ಯೂಟರಿಗೆ ಹಾಕಿಕೊಂಡು, ಎಲ್ಲ ಬಂತೆಂದು ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಮೂಲ ಹೋಯಿತು. ಕಂಪ್ಯೂಟರಿನಲ್ಲಿ ನಾಲ್ಕಾರು ಫೋಟೊ ಪೂರ್ತಿ ಗಾತ್ರಕ್ಕೆ ತೆರೆದು ನೋಡುವವರೆಗೆ ಕಾರ್ಡನ್ನು ಮುಟ್ಟಬಾರದು.

ಎಲ್ಲ ಸರಿಹೋಗಿ ಭಾವನ ಮೊದಲ ಹುಲಿ ಕಂಪ್ಯೂಟರಿನ ಪರದೆಗೆ ಬಂತು. ಎರಡನೆಯದೂ ಬಂತು. ಮೂರನೆಯದು ಬರುವಷ್ಟರಲ್ಲಿ ನಾನು ಲೆಕ್ಕ ಹಾಕತೊಡಗಿದೆ. ಇಂಥ ಕ್ಯಾಮೆರಾದ 2.4ರ ವೈಫೈಗೆ ಕಾಗದದ ಮೇಲಿನ ವೇಗ ಸೆಕೆಂಡಿಗೆ ಸುಮಾರು 72 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 9 ಮೆಗಾಬೈಟ್. ಕಾಗದದ ವೇಗ ಗಾಳಿಯಲ್ಲಿ ಸಿಗುವುದಿಲ್ಲ. ಅರ್ಧ ಸಿಕ್ಕರೆ ಪುಣ್ಯ. ಕಂಪ್ಯೂಟರ್ ಕೂಡ ಅದೇ 2.4ರಲ್ಲಿದ್ದರೆ ಪ್ರತಿ ಫೋಟೊ ಕ್ಯಾಮೆರಾದಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಕಂಪ್ಯೂಟರಿಗೆ ಇನ್ನೊಮ್ಮೆ ಅದೇ ಇಕ್ಕಟ್ಟಿನ ದಾರಿಯಲ್ಲಿ ಹಾಯಬೇಕು. ಕಂಪ್ಯೂಟರನ್ನು ಕೇಬಲ್‌ನಿಂದ ರೂಟರಿಗೆ ಜೋಡಿಸುವುದು ಅಥವಾ 5 ಗಿಗಾಹರ್ಟ್ಸ್‌ಗೆ ಸರಿಸುವುದು ವೇಗ ಹೆಚ್ಚಿಸುವ ಸುಲಭದ ದಾರಿ. ಅಷ್ಟೆಲ್ಲ ಮಾಡಿ ಸೆಕೆಂಡಿಗೆ 3 ಮೆಗಾಬೈಟ್ ಸಿಕ್ಕಿತು ಎನ್ನೋಣ. ಭಾವ ಪ್ರತಿ ಫೋಟೊವನ್ನೂ ಒತ್ತಿ ಚಿಕ್ಕದಾಗಿಸಿದ ಜೆಪೆಗ್, ಕ್ಯಾಮೆರಾ ಕಂಡದ್ದನ್ನು ಹಾಗೆಯೇ ಇಡುವ ರಾ ಎಂದು ಎರಡು ಫೈಲುಗಳಾಗಿ ತೆಗೆದಿದ್ದರು. ಒಂದಕ್ಕೆ 10, ಇನ್ನೊಂದಕ್ಕೆ 30 ಮೆಗಾಬೈಟ್ ಹಿಡಿದರೆ 640 ಫೋಟೊಗಳಿಗೆ 25.6 ಗಿಗಾಬೈಟ್. ಎರಡು ಗಂಟೆ ಇಪ್ಪತ್ತೆರಡು ನಿಮಿಷ. ಅಷ್ಟು ಹೊತ್ತು ವೈಫೈ ಉರಿಸಿದರೆ ಬ್ಯಾಟರಿ ನಡುವೆಯೇ ಸೋಲಬಹುದು. ಆಟೊ ಪವರ್ ಆಫ್ ಒಂದು ನಿಮಿಷಕ್ಕೆ ಇದ್ದರೆ ಕೆಲವು ಮಾದರಿಗಳು ಅದಕ್ಕೂ ಮೊದಲೇ ನಿದ್ದೆಹೋಗುತ್ತವೆ.

ಇದನ್ನೇ ಸೆಕೆಂಡಿಗೆ 80 ಮೆಗಾಬೈಟ್ ಓದುವ ಕಾರ್ಡ್ ರೀಡರ್ ಐದೂವರೆ ನಿಮಿಷದೊಳಗೆ ಮುಗಿಸುತ್ತದೆ. ಕಾರ್ಡಿಗೇ ವೈಫೈ ತುಂಬಿದ ಐ-ಫೈ ಎಂಬ ಉತ್ಪನ್ನ ಒಂದು ಕಾಲದಲ್ಲಿ ಬಂದಿತ್ತು, 2016ರಲ್ಲಿ ಅದರ ಕಂಪನಿ ಬಾಗಿಲು ಹಾಕಿತು. ಸಾಧಾರಣ ಕಾರ್ಡ್ ರೀಡರ್ ಮಾತ್ರ ಇನ್ನೂ ಅಂಗಡಿಯಲ್ಲಿದೆ. ಹಾಗೆಂದು ವೈಫೈ ದಂಡವಲ್ಲ. ಹತ್ತು ಹದಿನೈದು ಆಯ್ದ ಫೋಟೊಗಳಿಗೆ, ಸ್ಟುಡಿಯೊದಲ್ಲಿ ತೆಗೆದದ್ದು ಆಗಲೇ ದೊಡ್ಡ ಪರದೆಯಲ್ಲಿ ಕಾಣಬೇಕಾದಾಗ, ಪತ್ರಿಕೆಗೆ ಎರಡು ಚಿತ್ರ ತುರ್ತಾಗಿ ಹೋಗಬೇಕಾದಾಗ ಅದಕ್ಕೆ ಸಾಟಿಯಿಲ್ಲ. ಕೆಲಸ ಮುಗಿದ ಮೇಲೆ ಆರಿಸಿಡಬೇಕು, ಅಷ್ಟೇ. 2019ರಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ಕ್ಯಾನನ್ 80ಡಿ ಕ್ಯಾಮೆರಾಕ್ಕೆ ಇದೇ ಪಿಟಿಪಿ ಭಾಷೆಯ ಮೂಲಕ ವೈಫೈಯಲ್ಲೇ ನುಗ್ಗಿ, ಕಾರ್ಡಿನಲ್ಲಿದ್ದ ಫೋಟೊಗಳಿಗೆ ಬೀಗ ಹಾಕಿ ತೋರಿಸಿದ್ದರು. ಕ್ಯಾನನ್ ಅದಕ್ಕೆ ತಿದ್ದುಪಡಿ ಕೊಟ್ಟಿತು. ಕ್ಯಾಮೆರಾದೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಅಪ್‌ಡೇಟ್ ಮಾಡಲು ಇದೂ ಒಂದು ಕಾರಣ.

ನನ್ನ ಲೆಕ್ಕ ಕೇಳಿ ಭಾವ ಏನೂ ಹೇಳದೆ ಮೇಜಿನ ಡ್ರಾಯರ್ ಎಳೆದರು. ಕ್ಯಾಮೆರಾ ಕೊಂಡ ವರ್ಷವೇ ತಂದ ಕಾರ್ಡ್ ರೀಡರ್, ಹಳೆಯ ಪಾಸ್‌ಬುಕ್ಕುಗಳ ಕೆಳಗೆ, ಪ್ಯಾಕೆಟ್ ಕೂಡ ಒಡೆಯದೆ ಬಿದ್ದಿತ್ತು. ಅಕ್ಕ ಕಾಫಿ ತಂದಿಡುವಷ್ಟರಲ್ಲಿ ಹುಲಿಗಳೆಲ್ಲ ಇಳಿದಿದ್ದವು.